ತುಂಟ ತಮಗೋಚಿಯನ್ನು ಸಾಕುವುದು ಹೇಗೆ: ಮೊಟ್ಟೆಯಿಂದ ಮುಪ್ಪಿನವರೆಗೆ

ತಮಗೋಚಿ ಎಂದರೆ ಜೇಬಿನಲ್ಲಿಡುವ ಪುಟ್ಟ ಎಲೆಕ್ಟ್ರಾನಿಕ್ ಆಟಿಕೆ, ಅದರ ಪರದೆಯೊಳಗೆ ನೀವು ಸಾಕಬೇಕಾದ ಒಂದು ಡಿಜಿಟಲ್ ಜೀವ ಇರುತ್ತದೆ. ಅದನ್ನು ಸಾಕುವವರಲ್ಲಿ ಎರಡು ಬಗೆ. ಒಬ್ಬರು ಅದನ್ನು ಜೇಬಿನಲ್ಲಿಟ್ಟು ಮರೆತೇ ಬಿಡುತ್ತಾರೆ. ಇನ್ನೊಬ್ಬರು ಅದು ಪೀ ಎಂದಾಗಲೆಲ್ಲ ಓಡಿ ಬಂದು ಬಾಯಿಗೆ ಸಿಹಿ ತುರುಕುತ್ತಾರೆ. ನಾನು ಎರಡನೇ ಬಗೆಯವನು. ನನ್ನ ಮೊದಲ ಮರಿ ಮುದ್ದಿನಿಂದಲೇ ಕೆಟ್ಟಿತು. ತೂಕ ಏರಿತು, ಶಿಸ್ತಿನ ಪಟ್ಟಿ ಸೊನ್ನೆಯಲ್ಲೇ ಉಳಿಯಿತು. ಕೊನೆಗೆ ದಪ್ಪ ತುಟಿಯ ತರಾಕೋಚಿಯಾಗಿ ನನ್ನ ಮುಂದೆ ನಿಂತಿತು. ಯಾವ ಮಾಹಿತಿಯೂ ಇಲ್ಲದೆ ಸಾಕಿದವರಿಗೆ ಸಿಗುವ ಜೀವ ಅದು.

ಈ ಬರಹ 1996ರ ನವೆಂಬರ್ 23ರಂದು ಜಪಾನಿನಲ್ಲಿ ಬಂಡಾಯ್ ಕಂಪನಿ ಮಾರಾಟಕ್ಕಿಟ್ಟ ಮೂಲ ತಮಗೋಚಿಯ ಬಗ್ಗೆ. ಮೂರು ಗುಂಡಿ, ಕಪ್ಪು ಬಿಳುಪು ಪರದೆ, ಮೊಟ್ಟೆಯ ಆಕಾರ. ಹೆಸರೂ ಹಾಗೇ ಹುಟ್ಟಿದ್ದು: ಜಪಾನಿ ಭಾಷೆಯಲ್ಲಿ ತಮಾಗೊ ಎಂದರೆ ಮೊಟ್ಟೆ, ಅದಕ್ಕೆ ವಾಚ್ ಸೇರಿಸಿದ್ದಾರೆ. ಆಮೇಲೆ ಬಂದ ಎಷ್ಟೋ ಡಿಜಿಟಲ್ ಸಾಕುಪ್ರಾಣಿಗಳು ಇದೇ ಹಾದಿ ಹಿಡಿದವು. ಹಾಗಾಗಿ ಇದನ್ನು ಸಾಕಲು ಬಂದರೆ ಉಳಿದವನ್ನು ಸಾಕುವುದೂ ಸುಲಭ.

ಮೊದಲು ಗುಂಡಿಗಳ ವಿಷಯ ಮುಗಿಸಿಬಿಡೋಣ. ಎಡಗಡೆಯ ಎ ಗುಂಡಿ ಒತ್ತಿದರೆ ಪರದೆಯ ಮೇಲೆ ಕೆಳಗೆ ಇರುವ ಚಿತ್ರಗಳನ್ನು ಒಂದೊಂದಾಗಿ ಆರಿಸಬಹುದು. ನಡುವಿನ ಬಿ ಒತ್ತಿದರೆ ಆರಿಸಿದ ಕೆಲಸ ಆಗುತ್ತದೆ. ಬಲಗಡೆಯ ಸಿ ಒತ್ತಿದರೆ ಹಿಂದಕ್ಕೆ. ಚಿತ್ರಗಳು ಎಂಟು: ಊಟ, ದೀಪ, ಆಟ, ಔಷಧಿ, ಶೌಚ, ಆರೋಗ್ಯದ ಪಟ್ಟಿ, ಶಿಸ್ತು, ಮತ್ತು ಕರೆ. ಕೊನೆಯದನ್ನು ನೀವು ಆರಿಸಲು ಆಗುವುದಿಲ್ಲ. ಅದು ತಾನಾಗಿ ಬೆಳಗುತ್ತದೆ. ಇಡೀ ಸಾಕಣೆ ಆ ಒಂದು ಚಿತ್ರದ ಸುತ್ತ ತಿರುಗುತ್ತದೆ.

ಹಂತ 1: ಮೊಟ್ಟೆ ಒಡೆಸುವ ಹೊತ್ತು ಆರಿಸಿ

ಹೊಸಬರು ಡಬ್ಬಿ ತೆರೆದ ಕೂಡಲೇ, ಅದು ರಾತ್ರಿಯಾದರೂ ಸರಿ, ಗಡಿಯಾರ ಹೊಂದಿಸಿ ಶುರು ಮಾಡಿಬಿಡುತ್ತಾರೆ. ದಯವಿಟ್ಟು ಬೇಡ. ಗಡಿಯಾರ ಹೊಂದಿಸಿ 5 ನಿಮಿಷಕ್ಕೆ ಮೊಟ್ಟೆ ಒಡೆಯುತ್ತದೆ. ಅಲ್ಲಿಂದ ಸುಮಾರು ಒಂದು ಗಂಟೆ ನಿಮಗೆ ಬೇರೆ ಕೆಲಸ ಆಗುವುದಿಲ್ಲ. ಸ್ನಾನಕ್ಕೂ ಹೋಗುವ ಹಾಗಿಲ್ಲ.

ಬಿಡುವಿರುವ ದಿನ ಬೆಳಿಗ್ಗೆ ಒಂಬತ್ತೂವರೆ ಹತ್ತರ ಸುಮಾರಿಗೆ ಶುರು ಮಾಡಿ. ಆಗ ಮರಿಯ ಗಂಟೆ ಮುಗಿದ ಮೇಲೂ ಅದರ ಬಾಲ್ಯವನ್ನು ನೋಡಲು ಪೂರ್ತಿ ಹಗಲು ಸಿಗುತ್ತದೆ.

ಗಡಿಯಾರದ ಬಗ್ಗೆ ಇನ್ನೊಂದು ಮಾತು. ತಮಗೋಚಿ ಮಲಗುವುದು, ಏಳುವುದು ಎಲ್ಲ ಅದರ ಒಳಗಿನ ಗಡಿಯಾರದಂತೆ. ಹೊರಗೆ ಬಿಸಿಲಿದೆಯೋ ಕತ್ತಲಿದೆಯೋ ಅದಕ್ಕೆ ಬೇಕಿಲ್ಲ. ನೀವು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರಾದರೆ, ನೀವು ಎದ್ದಿರುವ ಹೊತ್ತು ಅದಕ್ಕೂ ಹಗಲಾಗುವಂತೆ ಸಮಯ ಬದಲಿಸಿಡಿ. ಇದು ಮೋಸ ಅಲ್ವಾ ಎಂದು ಕೆಲವರು ಕೇಳುತ್ತಾರೆ. ನನಗಂತೂ ಹಾಗೆ ಅನಿಸುವುದಿಲ್ಲ. ನಿಮಗೆ ನಿದ್ದೆ ಬರುವ ಹೊತ್ತಿಗೆ ಅದಕ್ಕೂ ನಿದ್ದೆ ಬರಲಿ ಬಿಡಿ.

ಹಂತ 2: ಮರಿಯ ಒಂದು ಗಂಟೆ

ಮೊಟ್ಟೆಯಿಂದ ಹೊರಬರುವ ಪುಟ್ಟ ಕಪ್ಪು ಚುಕ್ಕೆಯ ಹೆಸರು ಬೇಬಿಚಿ. ಅದು ಹುಟ್ಟುವಾಗಲೇ ಹೊಟ್ಟೆಯೂ ಖಾಲಿ, ಮನಸ್ಸೂ ಖಾಲಿ. ಆರೋಗ್ಯದ ಪಟ್ಟಿ ತೆರೆದರೆ ಹಸಿವಿಗೆ ನಾಲ್ಕು ಹೃದಯ, ಖುಷಿಗೆ ನಾಲ್ಕು ಹೃದಯ ಕಾಣುತ್ತವೆ. ಎಲ್ಲ ಎಂಟೂ ಖಾಲಿ. ಮೊದಲು ಊಟ ಹಾಕಿ. ಒಂದು ಊಟಕ್ಕೆ ಒಂದು ಹೃದಯ. ಆಮೇಲೆ ಆಟ.

ಇಲ್ಲಿ ಹೃದಯಗಳು ಕೆಲವೇ ನಿಮಿಷಕ್ಕೊಂದರಂತೆ ಇಳಿಯುತ್ತವೆ. ಹೆದರಬೇಡಿ, ಮುಂದೆ ಹೀಗಿರುವುದಿಲ್ಲ. ನಡುವೆ ಒಂದು ಸಣ್ಣ ನಿದ್ದೆ ಮಾಡುತ್ತದೆ. ಪದೇ ಪದೇ ಕಕ್ಕ ಮಾಡುತ್ತದೆ. ಹುಷಾರು ತಪ್ಪಿ ತಲೆಬುರುಡೆಯ ಚಿತ್ರ ಕಂಡರೆ ಔಷಧಿ ಕೊಡಿ. ಒಂದು ಸಲಕ್ಕೆ ವಾಸಿಯಾಗದಿದ್ದರೆ ಇನ್ನೊಂದು ಸಲ ಕೊಡಬೇಕು. ಬುರುಡೆ ಮಾಯವಾಗುವವರೆಗೂ ಬಿಡಬೇಡಿ.

ಅಷ್ಟೇ. ಈ ಗಂಟೆಯಲ್ಲಿ ಕಲಿಸುವುದು ಏನೂ ಇಲ್ಲ. ಸುಮ್ನೆ ಪಕ್ಕದಲ್ಲಿರಿ.

ಹಂತ 3: ಬಾಲ್ಯ, ಅಂದರೆ ನಿಜವಾದ ಕೆಲಸ

ಒಂದು ಗಂಟೆ ದಾಟಿದ ಮೇಲೆ ಬೇಬಿಚಿ ದುಂಡು ಮುಖದ ಮಾರುಚಿಯಾಗುತ್ತದೆ. ತಮಗೋಚಿಗೆ ನಮ್ಮ ಒಂದು ದಿನ ಅಂದರೆ ಒಂದು ವರ್ಷ. ಮೂರನೇ ವಯಸ್ಸಿನ ಹೊತ್ತಿಗೆ ಅದು ಹದಿಹರೆಯಕ್ಕೆ ಕಾಲಿಡುತ್ತದೆ. ಅಂದರೆ ತಿದ್ದಿ ಬೆಳೆಸಲು ನಿಮ್ಮ ಕೈಗೆ ಸಿಗುವುದು ಬೆರಳೆಣಿಕೆಯ ದಿನ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರಲ್ಲ, ತಮಗೋಚಿಯ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜ. ಗಿಡದ ದಿನಗಳಲ್ಲಿ ನೀವು ಮಾಡಿದ ತಪ್ಪುಗಳನ್ನು ಯಂತ್ರ ಎಣಿಸಿ ಇಟ್ಟುಕೊಂಡಿರುತ್ತದೆ.

ಯಾವುದನ್ನು ತಪ್ಪು ಎಂದು ಎಣಿಸುತ್ತದೆ? ಇದನ್ನು ಚೆನ್ನಾಗಿ ತಿಳಿದುಕೊಳ್ಳಿ, ಯಾಕೆಂದರೆ ಹೆಚ್ಚಿನವರ ಗಾಬರಿಗೆ ಕಾರಣವೇ ಇದು ಗೊತ್ತಿಲ್ಲದಿರುವುದು. ಒಂದು ಹೃದಯ ಇಳಿದರೆ ತಪ್ಪಲ್ಲ. ಮೂರು ಇಳಿದರೂ ತಪ್ಪಲ್ಲ. ನಾಲ್ಕೂ ಖಾಲಿಯಾದಾಗ ಕರೆಯ ಚಿತ್ರ ಬೆಳಗುತ್ತದೆ, ಪೀಪೀ ಸದ್ದು ಬರುತ್ತದೆ. ಅಲ್ಲಿಂದ 15 ನಿಮಿಷ ನಿಮ್ಮ ಗಡುವು. ಅಷ್ಟರೊಳಗೆ ಒಂದೇ ಒಂದು ಹೃದಯ ತುಂಬಿಸಿದರೂ ಸಾಕು, ಕರೆ ಆರುತ್ತದೆ, ತಪ್ಪು ದಾಖಲಾಗುವುದಿಲ್ಲ. ತುರ್ತಿನಲ್ಲಿದ್ದೀರಾ? ಒಂದು ಊಟ ಹಾಕಿ ಎದ್ದು ಹೋಗಿ. ಉಳಿದ ಮೂರನ್ನು ಆಮೇಲೆ ನೋಡಿಕೊಂಡರಾಯಿತು. ಇದಕ್ಕೆ ಬೇಕಿರುವುದು ದೊಡ್ಡ ಪ್ರೀತಿಯಲ್ಲ, ಹೊತ್ತಿಗೆ ಸರಿಯಾಗಿ ಒಂದು ಚಿಕ್ಕ ಉತ್ತರ.

ಇನ್ನು ತುಂಟತನ. ಮಾರುಚಿ ಸುಮ್ಮನಿರುವ ಜೀವವಲ್ಲ. ಪರದೆಯ ಈ ಮೂಲೆಯಿಂದ ಆ ಮೂಲೆಗೆ ಕುಣಿಯುತ್ತಲೇ ಇರುತ್ತದೆ. ಆಗಾಗ ಏನೂ ಬೇಡದಿದ್ದರೂ ಕೂಗುತ್ತದೆ. ಅದು ಹಠ. ನಿಜವಾದ ಕೂಗು, ಹಠದ ಕೂಗು ಎರಡರ ಸದ್ದೂ ಒಂದೇ ಆಗಿರುವುದರಿಂದ ಕಿವಿಯನ್ನು ನಂಬುವಂತಿಲ್ಲ. ಪ್ರತಿ ಸಲ ಹೀಗೆ ಮಾಡಿ:

ಕರೆ ಬಂದ ಕೂಡಲೇ ಏನನ್ನೂ ಕೊಡಬೇಡಿ. ಮೊದಲು ಆರೋಗ್ಯದ ಪಟ್ಟಿ ತೆರೆಯಿರಿ. ಹಸಿವಿನ ಸಾಲು ಪೂರ್ತಿ ಖಾಲಿ ಇದ್ದರೆ ಊಟ. ಖುಷಿಯ ಸಾಲು ಪೂರ್ತಿ ಖಾಲಿ ಇದ್ದರೆ ಆಟ. ನಿದ್ದೆ ಮಾಡುತ್ತಿದ್ದರೆ ದೀಪ ಆರಿಸಿ. ಈ ಮೂರೂ ಅಲ್ಲ, ಎರಡೂ ಸಾಲಿನಲ್ಲಿ ಹೃದಯ ಉಳಿದಿವೆ, ಎದ್ದೂ ಇದೆ ಎಂದಾದರೆ ಅದು ಹಠವೇ. ಆಗ ಶಿಸ್ತಿನ ಚಿತ್ರ ಆರಿಸಿ ಗದರಿಸಿ. ಒಂದು ಗದರಿಕೆಗೆ ಶಿಸ್ತಿನ ಪಟ್ಟಿ ಕಾಲು ಭಾಗ ತುಂಬುತ್ತದೆ. ಸರಿಯಾದ ಹೊತ್ತಿಗೆ ನಾಲ್ಕು ಸಲ ಗದರಿದರೆ ಪಟ್ಟಿ ಪೂರ್ತಿ.

ನನ್ನ ಮೊದಲ ಮರಿ ಕೆಟ್ಟದ್ದು ಸರಿಯಾಗಿ ಇಲ್ಲೇ. ಕೂಗಿತಲ್ಲ ಪಾಪ ಎಂದು ಪಟ್ಟಿ ನೋಡದೆ ಸಿಹಿ ಕೊಡುತ್ತಿದ್ದೆ. ಊಟ ಆದರೆ, ಹೊಟ್ಟೆ ತುಂಬಿದ ಮೇಲೆ ತಲೆಯಲ್ಲಾಡಿಸಿ ಬೇಡ ಎನ್ನುತ್ತದೆ. ಸಿಹಿಯನ್ನು ಎಂದೂ ಬೇಡ ಎನ್ನುವುದಿಲ್ಲ. ಎಷ್ಟು ಕೊಟ್ಟರೂ ನುಂಗುತ್ತದೆ. ಹಾಗಾಗಿ ಕೊಟ್ಟವರಿಗೆ ತಾವು ಸರಿ ಮಾಡಿದೆವು ಎಂಬ ಭ್ರಮೆ. ಅತ್ತ ಗದರಿಸುವ ಅವಕಾಶವೂ ಕೈ ತಪ್ಪಿತು, ಇತ್ತ ತೂಕವೂ ಏರಿತು.

ಲೆಕ್ಕ ನೋಡಿ. ಒಂದು ಊಟ ತೂಕವನ್ನು 1 ಏರಿಸುತ್ತದೆ. ಒಂದು ಸಿಹಿ 2 ಏರಿಸುತ್ತದೆ, ಬದಲಿಗೆ ಖುಷಿಯ ಒಂದು ಹೃದಯ ತುಂಬುತ್ತದೆ. ಆಟವೂ ಖುಷಿಯ ಒಂದು ಹೃದಯ ತುಂಬುತ್ತದೆ, ಜೊತೆಗೆ ತೂಕ ಇಳಿಸುತ್ತದೆ. ಆದರೆ ಆಟದಲ್ಲಿ ಗೆಲ್ಲಬೇಕು. ಅದು ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂದು ಐದು ಸಲ ಊಹಿಸಬೇಕು, ಮೂರು ಸರಿಯಾದರೆ ಗೆಲುವು. ಬರೀ ಊಹೆಯಲ್ಲಿ ಐದಕ್ಕೆ ಮೂರು ಅಥವಾ ಜಾಸ್ತಿ ಸರಿಯಾಗುವ ಸಾಧ್ಯತೆ ಸರಿಯಾಗಿ ಅರ್ಧ. ಅಂದರೆ ನಾಲ್ಕು ಹೃದಯ ತುಂಬಿಸಲು ಸರಾಸರಿ ಎಂಟು ಆಟ ಆಡಬೇಕು. ಬೇಜಾರಿನ ಕೆಲಸ, ಒಪ್ಪುತ್ತೇನೆ. ಸಿಹಿಯಾದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಆದರೂ ಕುಣಿದಾಡುವ ಮರಿಗೆ ಆಟವೇ ಸರಿ. ಸಿಹಿಯನ್ನು ಗಡುವು ಮುಗಿಯಲು ಒಂದೆರಡು ನಿಮಿಷ ಮಾತ್ರ ಇರುವಾಗ, ಆಟದಲ್ಲಿ ಸೋತೇ ಸೋತು ಕೈ ಸೋತಾಗ ಬಳಸಿ.

(1997ರ ಫೆಬ್ರುವರಿಯಲ್ಲಿ ಬಂದ ಎರಡನೇ ತಲೆಮಾರಿನಲ್ಲಿ ಆಟ ಬೇರೆ. ಮುಂದಿನ ಅಂಕಿ ದೊಡ್ಡದೋ ಚಿಕ್ಕದೋ ಎಂದು ಊಹಿಸಬೇಕು. ಅಲ್ಲಿ ಬುದ್ಧಿ ಓಡಿಸಲು ಜಾಗವಿದೆ. 2 ಕಂಡರೆ ಮುಂದಿನದು ದೊಡ್ಡದು ಎನ್ನಲು ಯೋಚಿಸಬೇಕಿಲ್ಲ. ಆದ್ದರಿಂದ ಹೆಚ್ಚು ಸಲ ಗೆಲ್ಲಬಹುದು.)

ಕಕ್ಕಕ್ಕೆ ಕರೆ ಬರುವುದಿಲ್ಲ. ಇದನ್ನು ಬಹಳ ಜನ ತಡವಾಗಿ ಕಂಡುಕೊಳ್ಳುತ್ತಾರೆ. ಅದು ಸದ್ದಿಲ್ಲದೆ ಮೂಲೆಯಲ್ಲಿ ರಾಶಿ ಹಾಕುತ್ತಾ ಹೋಗುತ್ತದೆ, ಬಿಟ್ಟರೆ ಕಾಯಿಲೆ ಬೀಳುತ್ತದೆ. ಹಾಗಾಗಿ ಕರೆಯನ್ನೇ ನಂಬಿ ಕೂರಬೇಡಿ. ಗಂಟೆಗೊಮ್ಮೆ ತೆಗೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ರಾತ್ರಿಯ ಕ್ರಮ ಸುಲಭ. ಮಾರುಚಿ ರಾತ್ರಿ 8ಕ್ಕೆ ಮಲಗಿ ಬೆಳಿಗ್ಗೆ 9ಕ್ಕೆ ಏಳುತ್ತದೆ. ಏಳೂ ಮುಕ್ಕಾಲಿಗೆ ಎರಡೂ ಸಾಲು ತುಂಬಿಸಿ, ಜಾಗ ಸ್ವಚ್ಛ ಮಾಡಿ. ಕಣ್ಣು ಮುಚ್ಚಿದ ಕೂಡಲೇ ದೀಪ ಆರಿಸಿ. ದೀಪ ಉರಿಯುತ್ತಾ ಬಿಟ್ಟರೆ ಅದೂ ಒಂದು ತಪ್ಪೇ, ಅಲ್ಲೂ ಅದೇ ಗಡುವು. ನಿದ್ದೆಯಲ್ಲಿ ಹೃದಯ ಇಳಿಯುವುದಿಲ್ಲವಾದ್ದರಿಂದ ತುಂಬಿಸಿ ಮಲಗಿಸಿದರೆ ತುಂಬಿದ ಹೊಟ್ಟೆಯಲ್ಲೇ ಏಳುತ್ತದೆ. ವಯಸ್ಸು ಒಂದು ಏರುವುದೂ ಬೆಳಿಗ್ಗೆ ಎದ್ದಾಗಲೇ.

ಹಂತ 4: ಹದಿಹರೆಯದ ಕವಲು

ಮೂರು ವಯಸ್ಸಿನ ಹೊತ್ತಿಗೆ ಮಾರುಚಿ ಎರಡರಲ್ಲೊಂದಾಗುತ್ತದೆ. ಚೆನ್ನಾಗಿ ನೋಡಿಕೊಂಡಿದ್ದರೆ ತಮಾಚಿ. ತಪ್ಪು ಜಾಸ್ತಿಯಾಗಿದ್ದರೆ ಕೊಕ್ಕಿನಂಥ ಬಾಯಿಯ ಕುಚಿತಮಾಚಿ. ಯಾವುದು ಬಂತು ಎಂದು ನೋಡಿದರೆ ನಿಮ್ಮ ಮೂರು ದಿನದ ಅಂಕಪಟ್ಟಿ ಕೈಗೆ ಬಂದ ಹಾಗೆ.

ಕುಚಿತಮಾಚಿ ಬಂದರೆ ಬೇಸರ ಬೇಡ, ಆದರೆ ಆಸೆಯನ್ನು ಸ್ವಲ್ಪ ಇಳಿಸಿಕೊಳ್ಳಿ. ಅದರ ಮುಂದೆ ಇರುವ ದಾರಿ ಮೂರೇ: ಹಸಿರು ಬಣ್ಣಕ್ಕೆ ಹೆಸರಾದ ಸಾಧು ಕುಚಿಪಾಚಿ, ಹಾವಿನಂತೆ ನುಲಿಯುವ ನ್ಯೊರೋಚಿ, ಮತ್ತು ನನ್ನ ಹಳೆಯ ಪರಿಚಯದ ತರಾಕೋಚಿ. ಇಲ್ಲಿಂದ ಶಿಸ್ತು ಪೂರ್ತಿ ಮಾಡಿ, ಹೊಸ ತಪ್ಪು ಆಗದಂತೆ ನೋಡಿಕೊಂಡರೆ ಕುಚಿಪಾಚಿ ಸಿಗುತ್ತದೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುದ್ದು. ಎಲ್ಲರೂ ತಪ್ಪಿಲ್ಲದೆ ಸಾಕಿದವರಿಗೆ ಸಿಗುವ ಮಾಮೆಚಿಯ ಹಿಂದೆ ಬೀಳುವುದು ಯಾಕೋ ಗೊತ್ತಿಲ್ಲ.

ತಮಾಚಿ ಬಂದರೆ ಎಲ್ಲ ಬಾಗಿಲೂ ತೆರೆದೇ ಇವೆ. ಮುಂದಿನ ಮೂರ್ನಾಲ್ಕು ದಿನ ಹಠದ ಕರೆಗಳು ಬರುತ್ತವೆ. ಒಂದನ್ನೂ ಬಿಡಬೇಡಿ. ಬಾಲ್ಯದಲ್ಲಿ ಪಟ್ಟಿ ಅರ್ಧ ತುಂಬಿದ್ದರೂ ಉಳಿದ ಅರ್ಧವನ್ನು ಇಲ್ಲೇ ತುಂಬಬೇಕು. ದೊಡ್ಡದಾದ ಮೇಲೆ ಗದರಿಕೆಯಿಂದ ರೂಪ ಬದಲಾಗುವುದಿಲ್ಲ. ಹದಿಹರೆಯದ್ದು ಒಂಬತ್ತರವರೆಗೂ ಎದ್ದಿರುತ್ತದೆ, ಅದಕ್ಕೆ ತಕ್ಕಂತೆ ರಾತ್ರಿಯ ಕೆಲಸವನ್ನೂ ಒಂದು ಗಂಟೆ ಮುಂದಕ್ಕೆ ಹಾಕಿಕೊಳ್ಳಿ.

ಹಂತ 5: ದೊಡ್ಡದಾದ ಮೇಲೆ

ಆರೇಳು ವಯಸ್ಸಿನ ಆಸುಪಾಸಿನಲ್ಲಿ ಕೊನೆಯ ರೂಪ ಬರುತ್ತದೆ. ತಪ್ಪು ತೀರಾ ಕಡಿಮೆ, ಶಿಸ್ತು ಪೂರ್ತಿ ಎಂದಾದರೆ ಮಾಮೆಚಿ. ಎರಡು ಕಿವಿಯ ಜಾಣ. ಶಿಸ್ತು ಸ್ವಲ್ಪ ಕಡಿಮೆಯಾಗಿದ್ದರೆ ಗಿಂಜಿರೋಚಿ, ಇನ್ನೂ ಕಡಿಮೆಯಾಗಿದ್ದರೆ ಮುಖವಾಡದ ಮಾಸ್ಕುಚಿ. ಮಾಸ್ಕುಚಿಯಿಂದ ಕೆಲವೊಮ್ಮೆ ಮೀಸೆ ಹೊತ್ತ ಗಂಡಸಿನ ಮುಖದ ಒಂದು ಗುಟ್ಟಿನ ರೂಪವೂ ಬರುತ್ತದೆ, ಹೆಸರು ಓಯಾಜಿಚಿ. ಓಯಾಜಿ ಎಂದರೆ ಜಪಾನಿನಲ್ಲಿ ನಡುವಯಸ್ಸಿನ ಗಂಡಸು. ತುಂಟತನವನ್ನು ಬೇಕೆಂದೇ ಸ್ವಲ್ಪ ಬಿಟ್ಟು ಸಾಕಿದವರಿಗೆ ಮಾತ್ರ ಕಾಣಿಸಿಕೊಳ್ಳುವ ಪುಣ್ಯಾತ್ಮ ಇವನು. ಒಮ್ಮೆ ಮಾಮೆಚಿ ಸಾಕಿ ಕೈ ಪಳಗಿದ ಮೇಲೆ ಪ್ರಯತ್ನಿಸಬಹುದು.

ದೊಡ್ಡದರ ದಿನಚರಿ ಹಗುರ. ಹೃದಯಗಳು ನಿಧಾನವಾಗಿ ಇಳಿಯುತ್ತವೆ, ಅದರಲ್ಲೂ ಮಾಮೆಚಿಯದು. ಇಲ್ಲಿ ಬರುವ ಅಪಾಯ ಬೇರೆ: ಕೆಲಸ ಕಡಿಮೆಯಾದ್ದರಿಂದ ನೀವು ಮರೆಯುತ್ತೀರಿ. ಬೆಳಿಗ್ಗೆ ಎದ್ದಾಗ ಒಮ್ಮೆ, ಮಧ್ಯಾಹ್ನ ಎರಡು ಸಲ, ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ನೋಡುವುದನ್ನು ನಿಲ್ಲಿಸಬೇಡಿ.

ಹೊರಗೆ ಹೋಗಬೇಕಾದಾಗ

ಮೂಲ ತಮಗೋಚಿಗೆ ವಿರಾಮದ ಗುಂಡಿ ಇಲ್ಲ. ಶಾಲೆಗಳು ಇದನ್ನು ನಿಷೇಧಿಸಿದ್ದೂ ಅದಕ್ಕೇ. ಮಕ್ಕಳು ಪಾಠ ಬಿಟ್ಟು ಊಟ ಹಾಕುತ್ತಿದ್ದರು. ಬಿಟ್ಟು ಬಂದರೆ ಸಂಜೆಗೆ ಅದು ಸತ್ತಿರುತ್ತಿತ್ತು. ಮಕ್ಕಳು ಶಾಲೆಗೆ ಹೋದಾಗ ಅಪ್ಪ ಅಮ್ಮಂದಿರೇ ಅದನ್ನು ಕೆಲಸಕ್ಕೆ ಒಯ್ದ ಕತೆಗಳೂ ಇವೆ. ಇದನ್ನು ಹುಟ್ಟುಹಾಕಿದ ಅಕಿಹಿರೊ ಯೊಕೋಯಿ ಮತ್ತು ಅಕಿ ಮೈತಾ ಅವರಿಗೆ 1997ರಲ್ಲಿ ಅರ್ಥಶಾಸ್ತ್ರದ ಇಗ್ ನೊಬೆಲ್ ಕೊಟ್ಟಿದ್ದು ಸುಮ್ನೆ ಅಲ್ಲ. ಜನರ ಲಕ್ಷಾಂತರ ಗಂಟೆಗಳ ದುಡಿಮೆಯನ್ನು ಈ ಮೊಟ್ಟೆ ನುಂಗಿತು ಎಂಬುದೇ ಆ ತಮಾಷೆಯ ಪ್ರಶಸ್ತಿಗೆ ಕಾರಣ.

ಆದರೂ ಒಂದು ಉಪಾಯವಿದೆ. ಬಿ ಗುಂಡಿ ಒತ್ತಿ ಗಡಿಯಾರ ತೆರೆಯಿರಿ. ಅಲ್ಲಿ ಎ ಮತ್ತು ಸಿ ಒಟ್ಟಿಗೆ ಒತ್ತಿದರೆ ಸಮಯ ಬದಲಿಸುವ ಪರದೆ ಬರುತ್ತದೆ. ಅದನ್ನು ಹಾಗೇ ಬಿಟ್ಟುಬಿಡಿ. ಸಮಯ ನಿಂತಿರುವಷ್ಟು ಹೊತ್ತು ನಿಮ್ಮ ಮರಿಯೂ ನಿಂತಿರುತ್ತದೆ, ಹಸಿವಿಲ್ಲ, ಕಕ್ಕವಿಲ್ಲ. ವಾಪಸ್ ಬಂದು ಸರಿಯಾದ ಸಮಯ ಹೊಂದಿಸಿ. ಪರೀಕ್ಷೆ, ಆಸ್ಪತ್ರೆ, ಮದುವೆ ಇಂಥ ದಿನಗಳಿಗೆ ಇಟ್ಟುಕೊಳ್ಳಿ. ದಿನವೂ ಹೀಗೆ ನಿಲ್ಲಿಸುತ್ತಿದ್ದರೆ ಅದು ಬೆಳೆಯುವುದೇ ಇಲ್ಲ. ಸದ್ದಷ್ಟೇ ತೊಂದರೆ ಎಂದಾದರೆ ಮಾಮೂಲಿ ಪರದೆಯಲ್ಲಿ ಎ ಮತ್ತು ಸಿ ಒಟ್ಟಿಗೆ ಒತ್ತಿ, ಸದ್ದು ಆರುತ್ತದೆ. ಕರೆಯ ಚಿತ್ರ ಮಾತ್ರ ಬೆಳಗುತ್ತಲೇ ಇರುತ್ತದೆ, ಆಗಾಗ ಕಣ್ಣು ಹಾಯಿಸಬೇಕು.

ಹೊಸ ಮಾದರಿಗಳಲ್ಲಿ ಈ ಸರ್ಕಸ್ ಕಡಿಮೆ. ಕೆಲವದರಲ್ಲಿ ಮರಿಯನ್ನು ನೋಡಿಕೊಳ್ಳುವವರ ಬಳಿ ಬಿಟ್ಟು ಹೋಗಬಹುದು.

ಹಂತ 6: ಮುಪ್ಪು ಮತ್ತು ಕೊನೆ

ತಮಗೋಚಿ ಸಾಯುತ್ತದೆ. ನೀವು ಏನೂ ತಪ್ಪು ಮಾಡದಿದ್ದರೂ ಸಾಯುತ್ತದೆ. ಮಾಮೆಚಿಯಾದರೆ ಜಾಸ್ತಿ ದಿನ ಬಾಳುತ್ತದೆ, ನ್ಯೊರೋಚಿ, ತರಾಕೋಚಿಗಳಿಗೆ ಆಯಸ್ಸು ಕಡಿಮೆ. ಮುಪ್ಪಿನಲ್ಲಿ ನಿಮ್ಮ ಕೈಯಲ್ಲಿರುವುದು ಎರಡೇ. ಕಾಯಿಲೆಯನ್ನು ಬೇಗ ಗುರುತಿಸಿ ಪೂರ್ತಿ ವಾಸಿ ಮಾಡುವುದು, ಹೃದಯಗಳನ್ನು ಸೊನ್ನೆಗೆ ಬಿಡದಿರುವುದು. ವಯಸ್ಸಾದದ್ದಕ್ಕೆ ಒಂದು ಕಾಯಿಲೆ ಗಮನಕ್ಕೆ ಬರದೆ ಹೋದರೂ ಸಾಕು.

ಜಪಾನಿನ ಮೂಲ ಯಂತ್ರದಲ್ಲಿ ಕೊನೆಗೆ ಒಂದು ಗೋರಿ, ಪಕ್ಕದಲ್ಲಿ ತೇಲುವ ಪುಟ್ಟ ದೆವ್ವ. 1997ರ ಮೇನಲ್ಲಿ ಅಮೆರಿಕಕ್ಕೆ ಹೋದಾಗ ಅದನ್ನು ರೆಕ್ಕೆಯ ದೇವದೂತನನ್ನಾಗಿ ಬದಲಿಸಿದರು. ಗೋರಿಯೇ ಇರಲಿ, ರೆಕ್ಕೆಯೇ ಇರಲಿ, ಪರದೆಯ ಮೇಲೆ ಅದರ ವಯಸ್ಸು ಕಾಣುತ್ತದೆ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಯಾವ ರೂಪ, ಎಷ್ಟು ವಯಸ್ಸು, ಎಲ್ಲಿ ತಪ್ಪಿತು, ಇಷ್ಟು ಸಾಕು. ನನ್ನ ಪುಸ್ತಕದ ಮೊದಲ ಸಾಲು ಹೀಗಿದೆ: ತರಾಕೋಚಿ, 9 ವರ್ಷ, ಸಿಹಿ.

ಮಕ್ಕಳ ಕೈಗೆ ಕೊಡುವುದಾದರೆ ಇದು ಒಂದು ದಿನ ಸಾಯುತ್ತದೆ ಎಂದು ಮೊದಲೇ ಹೇಳಿ. ಆಮೇಲೆ ಹೇಳಿದರೆ ನಿಮ್ಮನ್ನೇ ಬೈಯುತ್ತಾರೆ. ಸಾವು ತೀರಾ ಕಷ್ಟವಾಗುವ ಮಗುವಾದರೆ 2004ರಲ್ಲಿ ಶುರುವಾದ ಕನೆಕ್ಷನ್ ಸರಣಿಯಂಥ ಮಾದರಿ ಕೊಡಿಸಿ. ಅವು ಇನ್‌ಫ್ರಾರೆಡ್ ಮೂಲಕ ಇನ್ನೊಂದು ಯಂತ್ರದ ಜೊತೆ ಮಾತಾಡುತ್ತವೆ, ಮದುವೆಯಾಗಿ ಮರಿ ಹಾಕುತ್ತವೆ. ಅಲ್ಲಿ ದೊಡ್ಡದು ಹೋದರೂ ಮನೆಯಲ್ಲಿ ಒಂದು ಮರಿ ಇದ್ದೇ ಇರುತ್ತದೆ.

ಸೆಲ್ ವಿಷಯ ಮರೆಯುವ ಮುಂಚೆ ಹೇಳುತ್ತೇನೆ. ಮೂಲ ಯಂತ್ರದಲ್ಲಿ ಬಟನ್ ಸೆಲ್ ತೆಗೆದರೆ ಒಳಗಿದ್ದ ಜೀವವೂ ಹೋಯಿತು ಎಂದೇ ತಿಳಿಯಿರಿ. ಪರದೆ ಮಂಕಾಗುತ್ತಿದೆ ಎನಿಸಿದರೆ ಮರಿ ನಡು ಹಾದಿಯಲ್ಲಿರುವಾಗ ಬದಲಿಸಲು ಹೋಗಬೇಡಿ, ಎರಡು ಜೀವಗಳ ನಡುವಿನ ಬಿಡುವಿನಲ್ಲಿ ಹೊಸದು ಹಾಕಿ. ಬಟನ್ ಸೆಲ್ ನುಂಗಿದರೆ ಚಿಕ್ಕ ಮಕ್ಕಳಿಗೆ ಜೀವಕ್ಕೇ ಅಪಾಯ. ಹಳೆಯದನ್ನು ಮೇಜಿನ ಮೇಲೆ ಬಿಡಬೇಡಿ, ಹಿಂಬದಿಯ ಸ್ಕ್ರೂ ಬಿಗಿಯಾಗಿದೆಯೇ ನೋಡಿ.

ಎಲ್ಲ ಮುಗಿದ ಮೇಲೆ ಎ ಮತ್ತು ಸಿ ಒಟ್ಟಿಗೆ ಒತ್ತಿದರೆ ಹೊಸ ಮೊಟ್ಟೆ ಬರುತ್ತದೆ. ಒತ್ತುವ ಮುಂಚೆ ಒಮ್ಮೆ ಹೊತ್ತು ನೋಡಿಕೊಳ್ಳಿ. ಸಂಜೆಯಾಗಿದ್ದರೆ ಬೇಡ. ನಾಳೆ ಬೆಳಿಗ್ಗೆ ಒತ್ತಿದರಾಯಿತು.